ಹಿಂದೆ ಮುಂದೆ ಯಾರೂ ಇಲ್ಲದವರು ಬೇಕಾಗಿದ್ದಾರೆ

ಹೊಳಲ್ಕೆರೆಯ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಷಾಪು ಇಟ್ಟಿದ್ದ ಈರಬಸಪ್ಪನಿಗೆ ಬದುಕಿನಲ್ಲಿ ಒಂದೇ ಒಂದು ಆಸೆಯಿತ್ತು. ವೇದಿಕೆಯ ಮೇಲೆ ಕೂರಬೇಕು. ಭಾಷಣ ಮಾಡುವಷ್ಟು ದುರಾಸೆ ಅವನಿಗಿರಲಿಲ್ಲ, ಬರೀ ಕೂತರೆ ಸಾಕಿತ್ತು. ಊರಿನಲ್ಲಿ ಯಾವ ಸಭೆ ನಡೆದರೂ ಅವನ ಷಾಪಿನ ಪೆಟ್ರೋಮ್ಯಾಕ್ಸು ಬಾಡಿಗೆಗೆ ಹೋಗುತ್ತಿತ್ತು. ಅದಕ್ಕೆ ಗಾಳಿ ಹೊಡೆದು, ಹಚ್ಚಿ, ವೇದಿಕೆಯ ಮೂಲೆಯಲ್ಲಿ ನೇತುಹಾಕಿ ಅವನು ಕೆಳಗಿಳಿದು ಬರಬೇಕು. ಅವನ ದೀಪಕ್ಕೆ ಮೇಲೆ ಜಾಗವಿತ್ತು, ಅವನಿಗಿರಲಿಲ್ಲ. ಅರವತ್ತರ ಹತ್ತಿರದ ಮನುಷ್ಯ. ಹೆಂಡತಿ ತೀರಿಕೊಂಡಿದ್ದಳು. ಇದ್ದೊಬ್ಬ ಮಗಳು ಸರ್ವಮಂಗಳಳನ್ನು ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆಗೆ ಕೊಟ್ಟಿದ್ದ. ಷಾಪಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಬೇಯಿಸಿಕೊಂಡು, ಪಂಕ್ಚರ್ ಹಾಕಿಕೊಂಡು, ಯಾರ ತಂಟೆಗೂ ಹೋಗದೆ ಇದ್ದ.

ಎಪ್ಪತ್ನಾಲ್ಕನೆಯ ಇಸವಿಯ ಮಾಗಿಯಲ್ಲಿ ಕಡಲೆಕಾಯಿ ಮಿಲ್ಲಿನ ಪಂಚಾಕ್ಷರಪ್ಪನವರು ‘ಸಂಧ್ಯಾಕಿರಣ ವೃದ್ಧ ಸೇವಾ ಸಂಘ’ ಎಂಬುದನ್ನು ಸ್ಥಾಪಿಸಿದರು. ವೃದ್ಧರ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಕನಿಕರ ಹುಟ್ಟಲು ಕಾರಣವಿತ್ತು. ಅವರ ಷಡ್ಡಕರು ಹೊಸದುರ್ಗದಲ್ಲಿ ಕಣ್ಣಿನ ಶಿಬಿರ ಮಾಡಿ ಪೇಪರಿನಲ್ಲಿ ಬಂದಿದ್ದರು. ಕಣ್ಣು ಆಗಿಹೋಗಿದ್ದರಿಂದ ಇವರ ಪಾಲಿಗೆ ಮುದುಕರು ಉಳಿದಿದ್ದರು. ಸಂಘದ ಕಡೆಯಿಂದ ಆಯ್ದ ಅನಾಥ ವೃದ್ಧರಿಗೆ ಒಂದೊಂದು ಕೆಂಪು ರಗ್ಗು, ದಿನಾ ಒಂದು ಹೊತ್ತಿನ ಊಟ ಎಂದು ತೀರ್ಮಾನವಾಯಿತು. ಚಿತ್ರದುರ್ಗದಿಂದ ದೊಡ್ಡ ಸಾಹೇಬರೊಬ್ಬರು ಬಂದು ತಮ್ಮ ಕೈಯಾರೆ ಹೊದಿಸುವುದೆಂದೂ ಆಯಿತು.

ಪೆಟ್ರೋಮ್ಯಾಕ್ಸಿಗೆ ಹೇಳಲು ಬಂದ ಪಂಚಾಕ್ಷರಪ್ಪನವರು ಹೋಗುವಾಗ ತಿರುಗಿ ನಿಂತರು.

“ಈರಬಸಪ್ಪನೋರೆ, ನಿಮ್ಮ ಬೀದಿಯಿಂದ ಒಬ್ಬರನ್ನ ಕರಕೊಂಡು ಬರ್ರಿ. ಬಡವರಾಗಿರಬೇಕು, ವಯಸ್ಸಾಗಿರಬೇಕು, ಹಿಂದೆ ಮುಂದೆ ಯಾರೂ ಇರಬಾರ್ದು. ಕರಕೊಂಡು ಬಂದೋರಿಗೆ ವೇದಿಕೆ ಮೇಲೆ ಕುರ್ಚಿ ಐತೆ.”

ಕುರ್ಚಿ ಎಂಬ ಮಾತು ಕಿವಿಗೆ ಬಿದ್ದದ್ದೇ ಈರಬಸಪ್ಪ ಪಂಕ್ಚರನ್ನು ಅರ್ಧಕ್ಕೇ ಬಿಟ್ಟು ಎದ್ದ.

ಯಾರೂ ಇಲ್ಲದವರನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಹುಡುಕಿದವರಿಗೇ ಗೊತ್ತು. ಮೊದಲು ಸಿಕ್ಕವನು ಗಾಡಿ ಹೊಡೆಯುವ ಮುದುಕ ಮಾರಣ್ಣ. ವಿಷಯ ಸೂಕ್ಷ್ಮವಾದ್ದರಿಂದ ಈರಬಸಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, ಧ್ವನಿ ಇಳಿಸಿ, “ಮಾರಣ್ಣ, ಈಗ ನಿನಗೇಂತ ಯಾರೂ ಇಲ್ಲ, ಅಲ್ಲೇನಪ್ಪ?” ಎಂದ.

ಮಾರಣ್ಣನ ಮುಖ ಬಿಳಿಚಿಕೊಂಡಿತು. “ಯಾಕೆ? ನಮ್ಮನೇರಿಗೆ ಏನಾತು? ಬೆಳಗ್ಗೆ ಎಲ್ರೂ ಚೆನ್ನಾಗಿದ್ರಲ್ಲ!”

“ಹಂಗಲ್ಲ, ಸಮಾಧಾನ ಮಾಡ್ಕೊ…”

ಸಮಾಧಾನ ಮಾಡಿಕೋ ಎಂದ ಮೇಲೆ ಉಳಿಯುವುದೇನು? ಮಾರಣ್ಣ “ಅಯ್ಯೋ ನನ್ನ ಮಕ್ಕಳಿರಾ!” ಎಂದು ಎತ್ತು ಗಾಡಿ ಅಲ್ಲೇ ಬಿಟ್ಟು ಮನೆಯ ಕಡೆ ಓಡಿದ. ಬೀದಿಯವರೆಲ್ಲ ಅವನ ಹಿಂದೆ ಓಡಿದರು. ಮನೆಯಲ್ಲಿ ಇಬ್ಬರು ಗಂಡುಮಕ್ಕಳೂ ಸೊಸೆಯರೂ ರೊಟ್ಟಿ ತಿನ್ನುತ್ತ ಕೂತಿದ್ದರು. ವಿಷಯ ತಿಳಿದ ಮೇಲೆ ಹಿರಿಯ ಮಗ ಸೌದೆ ಹಿಡಿದುಕೊಂಡು ಈರಬಸಪ್ಪನನ್ನು ಹುಡುಕಿಕೊಂಡು ಬಂದ. “ನಮ್ಮಪ್ಪಂಗೆ ಯಾರೂ ಇಲ್ಲ ಅಂದೋನು ಎಲ್ಲಿ?” ಎಂದು ಅವನು ಬೀದಿಯಲ್ಲಿ ಕೂಗಾಡುತ್ತಿದ್ದಷ್ಟು ಹೊತ್ತೂ ಈರಬಸಪ್ಪ ಎದುರಿನ ಗಿರಿಯಮ್ಮನ ಖಾನಾವಳಿಯ ಹಿತ್ತಲಲ್ಲಿ ಬಚ್ಚಿಟ್ಟುಕೊಂಡಿದ್ದ.

ಅಲ್ಲಿಯೇ ಅವನ ಕಣ್ಣಿಗೆ ಯಲ್ಲಕ್ಕ ಬಿದ್ದಳು. ಹಿತ್ತಲಲ್ಲಿ ಕೂತು ಗಿರಿಯಮ್ಮನ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಐಮಂಗಲದ ಕಡೆಯ ಕುರುಬರ ಮುದುಕಿ. ಗಂಡ ಸತ್ತು, ಮಕ್ಕಳಿಲ್ಲದೆ, ಎಷ್ಟೋ ವರ್ಷದ ಹಿಂದೆ ರೈಲು ಹತ್ತಿ ಬಂದು ಸ್ಟೇಷನ್ ಹತ್ತಿರದ ಮುಚ್ಚಿದ ಬೀಡಿ ಗೋಡೌನಿನ ಜಗುಲಿಯಲ್ಲಿ ಉಳಿದುಬಿಟ್ಟಿದ್ದಳು. ಹುಣಸೆ ಬಿಡಿಸಿದ್ದಕ್ಕೆ ಗಿರಿಯಮ್ಮ ಮುದ್ದೆ ಕೊಡುತ್ತಿದ್ದಳು. ಮೆಣಸಿನಕಾಯಿ ತೊಟ್ಟು ಮುರಿದುಕೊಟ್ಟರೆ ಅಂಗಡಿಯವರು ಎಲೆ ಅಡಿಕೆ ಕೊಡುತ್ತಿದ್ದರು. ಕೂಸು ನೋಡಿಕೊಂಡರೆ ಹಳೇ ಸೀರೆ ಸಿಗುತ್ತಿತ್ತು.

ಈರಬಸಪ್ಪ ಈ ಸಲ ಹೆಗಲ ಮೇಲೆ ಕೈಯಿಡಲಿಲ್ಲ. ದೂರದಲ್ಲಿ ನಿಂತೇ ಎಲ್ಲ ಹೇಳಿದ.

ಯಲ್ಲಕ್ಕ ಬಾಯಲ್ಲಿದ್ದ ಹುಣಸೆ ಬೀಜ ಉಗಿದು, “ಯಾರೂ ಇಲ್ಲ ಅಂದ್ರೆ ರಗ್ಗು ಕೊಡ್ತಾರ?” ಎಂದಳು. “ಇಷ್ಟು ವರ್ಷ ಪುಕ್ಕಟೆ ಹೇಳ್ಕೊಂಡು ತಿರುಗಿದ್ನಲ್ಲೋ ಈರಬಸಣ್ಣ!”

ಈರಬಸಪ್ಪ ಬಿಳಿ ಅಂಗಿ ಇಸ್ತ್ರಿ ಮಾಡಿಸಿದ.

ಯಲ್ಲಕ್ಕನಿಗೆ ಸಂಘದವರು ಊಟ ರಗ್ಗು ಕೊಡುತ್ತಾರಂತೆ ಎಂಬ ಸುದ್ದಿ ಬಸ್ಸು ಹತ್ತಿ ಐಮಂಗಲ ಮುಟ್ಟಿತು. ಅಲ್ಲಿ ಅವಳ ಮೈದುನನ ಮಗ ಸಣ್ಣತಿಮ್ಮಪ್ಪ ಎಂಬ ಉಣ್ಣೆ ವ್ಯಾಪಾರಿ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತಿದ್ದ. ಎದುರಾಳಿಯ ಕಡೆಯವರು “ಸ್ವಂತ ದೊಡ್ಡಮ್ಮನ್ನ ಅನಾಥೆ ಮಾಡಿದೋನು ಊರು ಸಾಕ್ತಾನ?” ಎಂದು ಚಹಾದಂಗಡಿಯಲ್ಲಿ ಅನ್ನತೊಡಗಿದರು. ಸಮಾರಂಭದ ದಿನ ಬೆಳಗ್ಗೆಯೇ ಒಂದು ಟೆಂಪೊ, ಒಂದು ತಮಟೆ, ಒಂದು ಚೆಂಡು ಹೂವಿನ ಹಾರ ಮತ್ತು ಸಣ್ಣತಿಮ್ಮಪ್ಪ ಸೈಕಲ್ ಷಾಪಿನ ಮುಂದೆ ಬಂದು ನಿಂತರು.

“ನಮ್ಮ ದೊಡ್ಡಮ್ಮನ್ನ ಅನಾಥೆ ಅಂದೋನು ಯಾವನಲೇ?”

ಆ ವಾರದಲ್ಲಿ ಈ ಪ್ರಶ್ನೆ ಈರಬಸಪ್ಪನಿಗೆ ರೂಢಿಯಾಗಿತ್ತು. ಅವನು ಸುಮ್ಮನೆ ಕೈಯೆತ್ತಿದ.

ಸಣ್ಣತಿಮ್ಮಪ್ಪ ಜಗುಲಿಗೆ ಹೋಗಿ ಯಲ್ಲಕ್ಕನ ಕಾಲಿಗೆ ಬಿದ್ದ. ತಮಟೆ ಬಡಿಯಿತು. ಯಲ್ಲಕ್ಕ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು ನೋಡಿದಳು.

“ನೀನು ಯಾರಪ್ಪ?”

“ನಾನು ದೊಡ್ಡಮ್ಮ, ಸಣ್ಣತಿಮ್ಮ!”

“ಹೌದೇನು? ನನ್ನ ಕುರಿ ಹೊಡ್ಕೊಂಡು ಹೋದಾಗ ಬೆನ್ನು ನೋಡಿದ್ದೆ. ಮಕ ಮರೆತೋಗಿತ್ತು ಬಿಡು.”

ತಮಟೆ ಜೋರಾಗಿದ್ದರಿಂದ ಈ ಮಾತು ಬಹಳ ಜನಕ್ಕೆ ಕೇಳಿಸಲಿಲ್ಲ. ಹಾರ ಹಾಕಿ, ಟೆಂಪೊ ಹತ್ತಿಸಿ, ಪಕ್ಕದಲ್ಲಿ ನಿಂತು ಕೈ ಮುಗಿಯುತ್ತ ಸಣ್ಣತಿಮ್ಮಪ್ಪ ಅವಳನ್ನು ಕರೆದುಕೊಂಡು ಹೋದ. ಯಲ್ಲಕ್ಕ ಹಿಂದಿನ ಹಲಗೆ ಹಿಡಿದುಕೊಂಡು, “ಈರಬಸಣ್ಣ, ರಗ್ಗು ಎತ್ತಿಟ್ಟಿರಪ್ಪ, ಬತ್ತೀನಿ!” ಎಂದು ಕೂಗಿದಳು.

ಸಂಜೆ ಸಾಹೇಬರ ಜೀಪು ಬಂದಾಗ ವೇದಿಕೆಯ ಮೇಲೆ ಅನಾಥರ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಪಂಚಾಕ್ಷರಪ್ಪನವರಿಗೆ ಬೆವರು ಬಿಟ್ಟಿತು. ಆಚೀಚೆ ನೋಡಿದರು. ಪೆಟ್ರೋಮ್ಯಾಕ್ಸು ನೇತುಹಾಕಿ ಇಳಿಯಲು ಹೊರಟಿದ್ದ ಈರಬಸಪ್ಪನ ರಟ್ಟೆ ಹಿಡಿದರು.

“ಒಂದು ಗಳಿಗೆ ಕುಂತ್ಕಳ್ರಿ.”

“ಇಲ್ಲೇ? ಇದು ಅನಾಥರ ಕುರ್ಚಿ…”

“ವೇದಿಕೆ ಮೇಲಿನ ಕುರ್ಚಿ ಹೌದೋ ಅಲ್ವೋ? ಅಂಗಿ ಬಿಚ್ರಿ ಮೊದ್ಲು.”

ಬಿಳಿ ಅಂಗಿ ಪರದೆಯ ಹಿಂದೆ ಹೋಯಿತು. ಬನಿಯನ್ನಿನ ಮೇಲೆ ಯಾರದೋ ಟವೆಲ್ಲು ಬಂತು. ಈರಬಸಪ್ಪನ ಇಡೀ ಬದುಕಿನ ಆಸೆ ಹೀಗೆ ಈಡೇರಿತು.

ಸಾಹೇಬರು ನಿಜವಾಗಿ ಮೆತ್ತನೆಯ ಮನುಷ್ಯ. ಪ್ರತಿಯೊಬ್ಬರಿಗೂ ರಗ್ಗು ಹೊದಿಸಿ ಮಾತಾಡಿಸುತ್ತ ಬಂದರು. ಈರಬಸಪ್ಪನ ಮುಂದೆ ಬಗ್ಗಿ, “ನಿಮಗೆ ಯಾರೂ ಇಲ್ಲವೇ?” ಎಂದರು.

ಈರಬಸಪ್ಪ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. “ಒಬ್ಬಳು ಮಗಳು…” ಎಂದ.

“ಇದ್ದಳಂತೆ ಸಾರ್,” ಎಂದು ಪಂಚಾಕ್ಷರಪ್ಪನವರು ವಾಕ್ಯ ಮುಗಿಸಿದರು.

ಸಾಹೇಬರ ಕಣ್ಣು ತುಂಬಿತು. ಫೋಟೋದವನು ಅದೇ ಗಳಿಗೆಯಲ್ಲಿ ಗುಂಡಿ ಒತ್ತಿದ.

ಮೂರನೆಯ ದಿನ ಪೇಪರಿನಲ್ಲಿ ಚಿತ್ರ ಬಂತು. ಕೆಳಗೆ ‘ಏಕಮಾತ್ರ ಪುತ್ರಿಯನ್ನು ಕಳೆದುಕೊಂಡ ಅನಾಥ ವೃದ್ಧ ಈರಬಸಪ್ಪ’ ಎಂದು ಅಚ್ಚಾಗಿತ್ತು. ಗಿರಿಯಮ್ಮ ಖಾನಾವಳಿಯ ಒಲೆ ಆರಿಸಿ ಷಾಪಿನ ಮುಂದೆ ಬಂದು ಕೂತು ಅಳತೊಡಗಿದಳು.

“ಅಯ್ಯೋ ಸರ್ವಮಂಗಳ, ಹೋದ ಹಬ್ಬಕ್ಕೆ ನನ್ನ ಕೈಲಿ ಹೂವ ಮುಡಿಸ್ಕೊಂಡಿದ್ಯಲ್ಲೇ! ಈರಬಸಣ್ಣ, ನಮಗೂ ಒಂದು ಮಾತು ಹೇಳ್ಬಾರ್ದಿತ್ತೇ?”

“ಗಿರಿಯಮ್ಮ, ನನ್ನ ಮಗಳಿಗೆ ಏನೂ ಆಗಿಲ್ಲ,” ಎಂದು ಈರಬಸಪ್ಪ ಎಷ್ಟು ಹೇಳಿದರೂ ಆಕೆ, “ಪಾಪ, ನಂಬಕ್ಕೆ ಆಗ್ತಿಲ್ಲ ಇವರಿಗೆ,” ಎಂದು ಪಕ್ಕದವರಿಗೆ ಹೇಳಿ ಇನ್ನೂ ಜೋರಾಗಿ ಅತ್ತಳು. ಜನ ಸೇರಿತು. ಅಷ್ಟರಲ್ಲಿ ಭೀಮಸಮುದ್ರದ ಕಡೆಯಿಂದ ಬಂದ ಬಸ್ಸು ನಿಂತು, ಅದರಿಂದ ಸರ್ವಮಂಗಳಳೂ ಅವಳ ಮಾವ ಚಿತ್ರಲಿಂಗಪ್ಪನವರೂ ಇಳಿದರು. ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಚೀರಿದರು. ಗಿರಿಯಮ್ಮ ಕಣ್ಣೊರೆಸಿಕೊಂಡು, ಬದುಕಿದ್ದದ್ದು ತಪ್ಪು ಎಂಬಂತೆ ಹುಡುಗಿಯನ್ನು ನೋಡಿದಳು.

ಚಿತ್ರಲಿಂಗಪ್ಪನವರ ಕೈಯಲ್ಲಿ ಪೇಪರು ಸುರುಳಿಯಾಗಿತ್ತು.

“ನನ್ನ ಸೊಸೇನ ಸಾಯಿಸಿ ರಗ್ಗು ತಗಂಡ್ರಾ ಬೀಗ್ರೇ?”

“ಹಂಗಲ್ಲ ಬೀಗ್ರೇ, ನಾನು ಇದ್ದಾಳೆ ಅಂತಾನೇ ಹೇಳಾಕೆ ಹೋದೆ…”

“ಭೀಮಸಮುದ್ರದಾಗೆ ನಮ್ಮ ಮನೆ ಮುಂದೆ ಜನ ನಿಂತವ್ರೆ. ಹೆಣ ಯಾವಾಗ ಎತ್ತಿದ್ರಿ, ನಮಗೆ ಯಾಕೆ ಹೇಳ್ಲಿಲ್ಲ ಅಂತಾರೆ. ಇವಳು ಬಾಗಿಲಿಗೆ ಬಂದು ಕಾಫಿ ಕೊಟ್ರೆ ಕುಡಿಯಾಕೆ ಹೆದರ್ತಾರೆ! ಅನಾಥನ ಮನೆಯಿಂದ ಹೆಣ್ಣು ತಂದ್ವು ಅಂತ ಅನ್ನಿಸ್ಕಂಡ್ವಲ್ರಿ.”

ಸರ್ವಮಂಗಳ ಒಂದೇ ಮಾತು ಕೇಳಿದಳು. “ಅಪ್ಪಾಜಿ, ಒಂದು ರಗ್ಗು ಬೇಕಾಗಿದ್ರೆ ನನಗೆ ಹೇಳ್ಬಾರ್ದಿತ್ತೇ?”

ಈರಬಸಪ್ಪನಿಗೆ ಬೀಗರ ಬೈಗುಳಕ್ಕಿಂತ ಅದು ನಾಟಿತು. ಅವತ್ತೇ ಮಿಲ್ಲಿಗೆ ಹೋಗಿ ರಗ್ಗನ್ನು ಪಂಚಾಕ್ಷರಪ್ಪನವರ ಮೇಜಿನ ಮೇಲಿಟ್ಟ. “ತಪ್ಪಾಗೈತೆ ಅಂತ ಪೇಪರಿನೋರಿಗೆ ಹೇಳಿಬಿಡ್ರಿ. ನಾನು ಅನಾಥ ಅಲ್ಲ.”

ಪಂಚಾಕ್ಷರಪ್ಪನವರು ರಗ್ಗನ್ನು ಅವನ ಕಡೆಗೇ ತಳ್ಳಿದರು. “ಈರಬಸಪ್ಪನೋರೆ, ಸಾಹೇಬ್ರು ಅವತ್ತು ಕಣ್ಣೀರು ಹಾಕ್ಯಾರೆ. ಆ ಕಣ್ಣೀರು ವಾಪಸ್ ಹೆಂಗೆ ಕೊಡಾಣ? ಸಂಘ ಮೋಸ ಮಾಡ್ತು ಅಂದ್ರೆ ಉಳಿದ ಮುದುಕರ ಊಟಾನೂ ನಿಂತುಹೋಗ್ತತೆ. ಅದು ನಿಮ್ಮ ತಲೆ ಮೇಲೆ ಬರ್ತತೆ. ಒಂದು ವರ್ಷ ಅನಾಥರಾಗಿ ಇದ್ದುಬಿಡ್ರಿ. ಮುಂದಿನ ವರ್ಷ ಕಮಿಟಿಗೆ ತಗಂತೀವಿ.”

ಉಳಿದವರ ಊಟ ಎಂದದ್ದಕ್ಕೆ ಈರಬಸಪ್ಪ ಬಾಯಿ ಮುಚ್ಚಿದ. ಕಮಿಟಿ ಎಂದದ್ದಕ್ಕೆ ರಗ್ಗು ಎತ್ತಿಕೊಂಡ. ಎರಡರಲ್ಲಿ ಯಾವುದು ಹೆಚ್ಚು ಕೆಲಸ ಮಾಡಿತೆಂದು ಅವನನ್ನು ಕೇಳಿ ಪ್ರಯೋಜನವಿಲ್ಲ.

ಮಾರನೆಯ ದಿನದಿಂದ ಗಿರಿಯಮ್ಮನ ಖಾನಾವಳಿಯಿಂದ ಸಂಘದ ಲೆಕ್ಕದ ಊಟ ರಸ್ತೆ ದಾಟಿ ಷಾಪಿಗೆ ಬರತೊಡಗಿತು. ಊಟದ ಕ್ಯಾರಿಯರಿನ ಮೇಲೆ ‘ಅನಾಥ ವೃದ್ಧರ ಸೇವೆಗಾಗಿ’ ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಪಂಕ್ಚರ್ ಹಾಕಿಸಿಕೊಳ್ಳಲು ಬಂದವರು, “ಇರ್ಲಿ, ನೀವು ಕುಂತ್ಕಳ್ರಿ, ವಯಸ್ಸಾದೋರು” ಎಂದು ಸೈಕಲ್ಲು ತಳ್ಳಿಕೊಂಡು ಬಸ್‌ಸ್ಟ್ಯಾಂಡಿನ ಷಾಪಿಗೆ ಹೋದರು. ಕನಿಕರ ಬಹಳವಾಯಿತು, ವ್ಯಾಪಾರ ನಿಂತಿತು.

ಎಲೆಕ್ಷನ್ ಮುಗಿದ ವಾರ ಯಲ್ಲಕ್ಕ ಬಸ್ಸಿನಿಂದ ಇಳಿದಳು. ಸಣ್ಣತಿಮ್ಮಪ್ಪ ಗೆದ್ದಿದ್ದ. ಗೆದ್ದವನ ಮನೆಯಲ್ಲಿ ನೆಂಟರು ತುಂಬಿ ಮುದುಕಿಗೆ ಮಲಗಲು ಜಾಗ ಸಾಲದಾಗಿ, ‘ದೊಡ್ಡಮ್ಮನಿಗೆ ನಮ್ಮೂರು ಹಿಡಿಸಲಿಲ್ಲ’ ಎಂದು ಅವನೇ ಟಿಕೆಟ್ ತೆಗೆದುಕೊಟ್ಟು ಬಸ್ಸು ಹತ್ತಿಸಿದ್ದ. ಯಲ್ಲಕ್ಕ ನೆಟ್ಟಗೆ ತನ್ನ ಜಗುಲಿಗೆ ಹೋದಳು. ಮುದುಕಿ ಹೋದಳು, ಪೀಡೆ ಕಳೆಯಿತು ಎಂದು ಗೋಡೌನಿನವನು ಅದನ್ನು ಬೀಡಾ ಅಂಗಡಿಗೆ ಬಾಡಿಗೆಗೆ ಕೊಟ್ಟಿದ್ದ. ಅಲ್ಲಿಂದ ಗಿರಿಯಮ್ಮನ ಹಿತ್ತಲಿಗೆ ಬಂದಳು.

“ಹುಣಸೆಹಣ್ಣು ಐತೇನವ್ವ?”

“ನಿನಗ್ಯಾಕವ್ವ ಇನ್ನು ಈ ಕೆಲಸ?” ಎಂದಳು ಗಿರಿಯಮ್ಮ. ವ್ಯಂಗ್ಯವೇನಲ್ಲ, ಆಕೆ ನಿಜಕ್ಕೂ ಹಾಗೆಯೇ ತಿಳಿದಿದ್ದಳು. “ಟೆಂಪೊದಾಗೆ ಹಾರ ಹಾಕ್ಕೊಂಡು ಹೋದೋಳು. ಪಂಚಾಯ್ತಿ ಮೆಂಬರ್ ದೊಡ್ಡಮ್ಮ. ನಿನ್ನ ಕೈಲಿ ಬೀಜ ಬಿಡಿಸಿದ್ರೆ ಅವನು ನನ್ನ ಸುಮ್ನೆ ಬಿಡ್ತಾನ?”

ಮೆಣಸಿನಕಾಯಿ ಅಂಗಡಿಯಲ್ಲೂ ಅದೇ ಮಾತು. ಕೂಸಿನ ಮನೆಯಲ್ಲೂ ಅದೇ. ಯಾರೂ ಇಲ್ಲದಾಗ ಊರೆಲ್ಲ ಇದ್ದ ಯಲ್ಲಕ್ಕನಿಗೆ ಒಬ್ಬ ಇದ್ದಾನೆಂದು ಗೊತ್ತಾದ ಮೇಲೆ ಊರಿನಲ್ಲಿ ಯಾರೂ ಇಲ್ಲವಾದರು. ಸಂಘಕ್ಕೆ ಹೋದರೆ, “ಸಂಬಂಧಿಕರು ಇರೋರಿಗೆ ನಮ್ಮ ನಿಯಮದಾಗೆ ಅವಕಾಶ ಇಲ್ಲಮ್ಮ,” ಎಂದರು ಪಂಚಾಕ್ಷರಪ್ಪನವರು.

ಅವಳು ಸ್ಟೇಷನ್ನಿನ ಬೇವಿನ ಮರದ ಕೆಳಗೆ ಗಂಟಿಟ್ಟುಕೊಂಡು ಕೂತಿದ್ದಾಗ ಈರಬಸಪ್ಪ ರಗ್ಗು ಮತ್ತು ಕ್ಯಾರಿಯರು ಹಿಡಿದುಕೊಂಡು ಬಂದ. ಹೊಳಲ್ಕೆರೆಯ ಮಾಗಿ ಗಾಳಿ ಹಳಿಯ ಮೇಲಿಂದ ನೇರವಾಗಿ ಬೀಸುತ್ತಿತ್ತು. ಯಲ್ಲಕ್ಕ ಕೆಮ್ಮುತ್ತಿದ್ದಳು.

“ಯಲ್ಲಕ್ಕ, ಇದು ನಿಂದೇ. ತಗಾ.”

ಯಲ್ಲಕ್ಕ ಕ್ಯಾರಿಯರಿನ ಅಕ್ಷರ ಓದಲಾರಳು, ಆದರೆ ಅದೇನೆಂದು ಗೊತ್ತಿತ್ತು. “ನನಗ್ಯಾಕಪ್ಪ ಅನಾಥರ ರಗ್ಗು? ನನಗೆ ಮೆಂಬರ್ ಮಗ ಅವ್ನೆ. ನೀನು ಹೊದ್ಕ. ನಿನಗೆ ಪಾಪ ಯಾರೂ ಇಲ್ವಂತೆ, ಮಗಳೂ ತೀರ್ಕೊಂಡ್ಲಂತೆ.” ಅಷ್ಟು ಹೇಳಿ ನಗಲು ಹೋಗಿ ಕೆಮ್ಮಿದಳು. ಕೆಮ್ಮು ಬೇಗ ನಿಲ್ಲಲಿಲ್ಲ.

ಈರಬಸಪ್ಪ ಅವಳ ಗಂಟನ್ನು ಸೈಕಲ್ಲಿನ ಹಿಂದೆ ಕಟ್ಟಿದ. “ಏಳು ಯಕ್ಕ. ನಮ್ಮ ಷಾಪಿಗೆ ಹೋಗಾಣ.”

ತನ್ನ ಬದುಕಿನಲ್ಲಿ ಅವನು ಯಾರನ್ನೂ ಕೇಳದೆ ಮಾಡಿದ ಕೆಲಸ ಅದೊಂದೇ ಇರಬೇಕು. ಹಿಂದಿನ ಕೋಣೆಯಲ್ಲಿ ಅವಳಿಗೆ ಜಾಗ ಮಾಡಿ, ತಾನು ಮುಂದೆ ಸೈಕಲ್ಲುಗಳ ನಡುವೆ ಚಾಪೆ ಹಾಸಿಕೊಂಡ.

ಊರಿಗೆ ಹೊಸ ಕೆಲಸ ಸಿಕ್ಕಿತು. ಈ ವಯಸ್ಸಿನಲ್ಲಿ ಇದೇನು ಎಂದು ಬೀಡಾ ಅಂಗಡಿಯಲ್ಲಿ ನಕ್ಕರು. ಲಿಂಗ ಕಟ್ಟಿದವನ ಮನೆಯಲ್ಲಿ ಕುರುಬರ ಮುದುಕಿ ಒಲೆ ಮುಟ್ಟುತ್ತಾಳಂತೆ ಎಂದು ಭೀಮಸಮುದ್ರದವರೆಗೂ ಹೋಯಿತು. ಚಿತ್ರಲಿಂಗಪ್ಪನವರು ಈ ಸಲ ಬಸ್ಸಿನಿಂದ ಇಳಿಯಲೂ ಇಲ್ಲ. ಕಿಟಕಿಯಿಂದಲೇ, “ಆ ಮುದುಕಿ ಅಲ್ಲಿರೋ ತನಕ ನಮ್ಮ ಸೊಸೆ ನಿಮ್ಮ ಹೊಸ್ತಿಲು ತುಳಿಯಲ್ಲ ಬೀಗ್ರೇ. ಹೆಂಗೂ ಸತ್ತಿದಾಳೆ ಅಂತ ಬರೆಸೀರಲ್ಲ, ಹಂಗೇ ಇಟ್ಕೊಳ್ರಿ,” ಎಂದರು. ಬಸ್ಸು ಹೊರಟಿತು.

ಆಮೇಲೆ ಪಂಚಾಕ್ಷರಪ್ಪನವರು ಬಂದರು. ಅವರಿಗೆ ನ್ಯಾಯದ ತೊಡಕೊಂದು ಎದುರಾಗಿತ್ತು.

“ನೀವು ಅನಾಥರು, ಸರಿ. ಅನಾಥರು ಇನ್ನೊಬ್ಬರಿಗೆ ಆಶ್ರಯ ಕೊಟ್ರೆ ಅನಾಥರು ಹೆಂಗಾಗ್ತಾರೆ? ನಿಮಗೆ ಆಯಮ್ಮ ಐತೆ, ಆಯಮ್ಮಂಗೆ ನೀವದೀರಿ. ಇಬ್ಬರಿಗೂ ಇಬ್ಬರು ಆದ್ರಿ.”

“ಹಂಗಾದ್ರೆ ಅನಾಥ ಅಲ್ಲ ಅಂತ ಪೇಪರಿಗೆ ಕೊಡ್ತೀರೇನ್ರಿ?” ಎಂದು ಈರಬಸಪ್ಪ ಆಸೆಯಿಂದ ಕೇಳಿದ.

“ಪೇಪರಿಗೆ ಯಾಕೆ? ರಗ್ಗು ಕೊಡ್ರಿ, ಸಾಕು. ಸಿರಿಗೆರೆ ಕಡೆ ಒಂದು ಸಮಾರಂಭ ಐತೆ.”

ರಗ್ಗು ಒಳಗೆ ಯಲ್ಲಕ್ಕನ ಮೈಮೇಲಿತ್ತು. ಈರಬಸಪ್ಪ ಬಾಗಿಲಿಗೆ ಅಡ್ಡ ನಿಂತ. ಒಳಗಿನಿಂದ ಯಲ್ಲಕ್ಕನೇ ಅದನ್ನು ಉಂಡೆ ಮಾಡಿ ಹೊರಗೆ ಎಸೆದಳು. “ತಗಂಡೋಗ್ರಪ್ಪ. ಕುರಿ ಕಾದೋಳು ನಾನು. ಮಿಲ್ಲಿನ ದಾರ ಮೈಗೆ ಚುಚ್ತತೆ.”

ಈರಬಸಪ್ಪ ತನ್ನ ಹಳೇ ಕಂಬಳಿ ಹೊದಿಸಿದ. ಡಾಕ್ಟರ ಹತ್ತಿರ ಔಷಧಿ ತಂದ. ಬಾಡಿಗೆ ಸೈಕಲ್ಲುಗಳನ್ನು ಒಂದೊಂದಾಗಿ ಮಾರಿದ. ಯಲ್ಲಕ್ಕ ಹಾಸಿಗೆಯಲ್ಲಿ ಕೂತೇ ಅವನ ಅಡುಗೆಯನ್ನು ಬೈಯುತ್ತಿದ್ದಳು. “ಇದು ಮುದ್ದೆಯಾ, ಟಯರಿಗೆ ಹಚ್ಚೋದಾ?” ಎನ್ನುತ್ತಿದ್ದಳು. ಮುದ್ದೆ ಕಟ್ಟುವುದನ್ನು ಹೇಳಿಕೊಟ್ಟಳು. ಅವನು ಕಲಿತ. ಬೀದಿಯಲ್ಲಿ ಮಾತಾಡಿಸುವವರು ಯಾರೂ ಇಲ್ಲದ ಆ ದಿನಗಳಲ್ಲಿ ಷಾಪಿನ ಹಿಂದಿನಿಂದ ಒಮ್ಮೊಮ್ಮೆ ನಗು ಕೇಳಿಸುತ್ತಿತ್ತೆಂದು ಗಿರಿಯಮ್ಮ ಆಮೇಲೆ ಹೇಳಿದಳು. ಬೇಸಿಗೆ ಬರುವ ಹೊತ್ತಿಗೆ ಒಂದು ಮಧ್ಯಾಹ್ನ, ಅವನು ಗಂಜಿ ಆರಿಸುತ್ತಿದ್ದಾಗ, ಯಲ್ಲಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆ ಈ ಕಡೆ ತಿರುಗಲಿಲ್ಲ.

ಸತ್ತ ಸುದ್ದಿಗೂ ಬಸ್ಸು ಸಿಕ್ಕಿತು. ಸಂಜೆಯೊಳಗೆ ಟೆಂಪೊ ಬಂತು, ತಮಟೆ ಬಂತು, ಈ ಸಲ ಹಾರ ಇನ್ನೂ ದಪ್ಪವಿತ್ತು. ಸಣ್ಣತಿಮ್ಮಪ್ಪ ಮೆಂಬರು ಬೀದಿಯಿಂದಲೇ “ದೊಡ್ಡಮ್ಮಾ, ನನ್ನ ಬಿಟ್ಟು ಹೋದ್ಯಾ!” ಎಂದು ಕೂಗುತ್ತ ಬಂದ. ಹೆಣದ ಪಕ್ಕದಲ್ಲಿ ಕೂತಿದ್ದ ಈರಬಸಪ್ಪನಿಗೆ ಅವನ ಕಡೆಯವರು, “ಸ್ವಲ್ಪ ಸರೀರಿ, ಮನೇರು ಬಂದ್ರು,” ಎಂದರು. ಈರಬಸಪ್ಪ ಸರಿದ.

ಹನ್ನೊಂದರ ಕಾರ್ಯಕ್ಕೆ ಐಮಂಗಲದಲ್ಲಿ ದೊಡ್ಡ ಚಪ್ಪರ ಹಾಕಿಸಿದ್ದರು. ದೊಡ್ಡವರೆಲ್ಲ ಬರುತ್ತಾರೆಂದು ಹೋಳಿಗೆ ಅಡುಗೆ. ವೇದಿಕೆಯ ಮೇಲೆ ಯಲ್ಲಕ್ಕನ ಫೋಟೋ ಇತ್ತು. ಟೆಂಪೊದಲ್ಲಿ ಹಾರ ಹಾಕಿಕೊಂಡು ನಿಂತಾಗ ತೆಗೆಸಿದ್ದು. ಪಂಚಾಕ್ಷರಪ್ಪನವರು ವೃದ್ಧರನ್ನು ಹೇಗೆ ನೋಡಿಕೊಳ್ಳಬೇಕೆಂಬುದನ್ನು ಸಣ್ಣತಿಮ್ಮಪ್ಪನವರಿಂದ ಕಲಿಯಬೇಕೆಂದು ಮಾತಾಡಿ ಕೂತರು. ಈರಬಸಪ್ಪನನ್ನು ಯಾರೂ ಕರೆದಿರಲಿಲ್ಲ. ಬಸ್ಸು ಹತ್ತಿ ತಾನೇ ಹೋಗಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ.

ಚಪ್ಪರದ ಬಾಗಿಲಲ್ಲಿ ಬಡಿಸುವವರ ಪೈಕಿ ಒಬ್ಬ ಅವನ ಮುಖ ನೋಡಿ ನಿಲ್ಲಿಸಿದ. “ಪೇಪರಿನಾಗೆ ಬಂದಿತ್ತಲ್ಲ, ಅದೇ ಅಜ್ಜ ಅಲ್ವ ನೀವು? ಒಳಗೆ ನೆಂಟರ ಪಂಕ್ತಿ. ಅನಾಥರ ಪಂಕ್ತಿ ಹೊರಗೈತೆ, ಬರ್ರಿ, ನಾನೇ ಕೂರಿಸ್ತೀನಿ.” ಅವನ ಮಾತಿನಲ್ಲಿ ಮರ್ಯಾದೆಯಿತ್ತು. ಕೈ ಹಿಡಿದು ಕರೆದುಕೊಂಡು ಹೋಗಿ, ಬಿಸಿಲಿನಲ್ಲಿ ಚಾಪೆಯ ಕೊನೆಯಲ್ಲಿ ಕೂರಿಸಿ, ಎಲೆ ಹಾಕಿದ.

ಈರಬಸಪ್ಪ ಎದ್ದು ಹೋಗಲಿಲ್ಲ. ಎಲೆಗೆ ನೀರು ಚಿಮುಕಿಸಿ ಒರೆಸಿದ. ಹೋಳಿಗೆ ಬಂತು. ಪಕ್ಕದಲ್ಲಿ ಕೂತಿದ್ದ ಹಿರಿಯೂರಿನ ಕಡೆಯ ಮುದುಕನೊಬ್ಬ ಅವನ ಬಿಳಿ ಅಂಗಿಯನ್ನು ನೋಡುತ್ತ, “ಯಜಮಾನ್ರೆ, ನಿಮಗೂ ಯಾರೂ ಇಲ್ವ?” ಎಂದು ಕೇಳಿದ.

“ಒಬ್ಬಳು ಇದ್ದಳಪ್ಪ,” ಎಂದ ಈರಬಸಪ್ಪ. “ಇದು ಅವಳದೇ ಊಟ.”